ಸಾಹೇಬ ಕುಡಿಸಿದ ಕಾಫಿ

ಖಲ್ಫಾನ್ ಆತುರಪಟ್ಟು ಕೈ ಕಳೆದುಕೊಂಡ ಎಂದು ಅರಬ್ ಕಡಲ ದಂಡೆಯ ನಮ್ಮೂರು ಉಮ್ಮ್ ಗಾಫ್‌ನಲ್ಲಿ ಈಗಲೂ ಹೇಳುವವರಿದ್ದಾರೆ. ಅವರ ಬಾಯಿಗೆ ಮಣ್ಣು ಬೀಳಲಿ. ಖಲ್ಫಾನ್ ನನ್ನ ತಂಗಿ ಮೌಜಾಳ ಗಂಡ. ಆತುರ ಎಂಬುದು ಅವನ ಮೈಯಲ್ಲೇ ಇರಲಿಲ್ಲ. ಇದ್ದದ್ದೆಲ್ಲ ನನ್ನ ಮೈಯಲ್ಲಿ.

ತನ್ನ ಅಪ್ಪನಂತೆ ಅವನೂ ಕೋಟೆಯ ಫಿರಂಗಿ ಹಾರಿಸುವವನು. ರಮಜಾನಿನಲ್ಲಿ ಹೊತ್ತು ಮುಳುಗಿ ಅವನು ಬತ್ತಿ ಹಚ್ಚಿದ ಮೇಲೆಯೇ ಊರು ಖರ್ಜೂರಕ್ಕೆ ಕೈ ಹಾಕುತ್ತಿತ್ತು. ಅವನು ಮಾತ್ರ ಮೊದಲು ಫಿರಂಗಿ ಒರೆಸಿ, ಕೈ ತೊಳೆದು, ಎಲ್ಲರಿಗಿಂತ ಕೊನೆಗೆ ತಿನ್ನುತ್ತಿದ್ದ.

ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಅಧಿಕಾರಿಯ ಅಪ್ಪಣೆ ಬಂತು. ಇನ್ನು ಫಿರಂಗಿ ಹಾರಿಸಕೂಡದು, ಶಬ್ದ ಕೇಳಿದರೆ ಕಡಲಿನ ಕಾವಲಿನವರಿಗೆ ಗಾಬರಿಯಾಗುತ್ತದೆ ಎಂದು. ನಮ್ಮ ಶೇಖ್ ಸಿಡಿಮದ್ದಿನ ಪೀಪಾಯಿಗಳನ್ನು ಕೋಟೆಯ ಕೆಳಕೋಣೆಗೆ ಹಾಕಿಸಿ ಬೀಗ ಜಡಿಸಿದರು. ಕಡಲು ಉಕ್ಕಿದಾಗಲೆಲ್ಲ ಬೆವರುವ ಕೋಣೆ ಅದು. ಎರಡು ರಮಜಾನ್ ಖಲ್ಫಾನ್ ಕೋಟೆಯ ಮೇಲೆ ನಿಂತು ಫಿರಂಗಿಯ ಬದಲು ಬಿಳಿ ಬಟ್ಟೆ ಬೀಸಿದ.

"ಏನೋ ಖಲ್ಫಾನ್, ಹೆಂಡ್ತಿ ಬಟ್ಟೆ ಒಣಗಿಸೋಕೂ ಶೇಖ್ ನಿಂಗೆ ಸಂಬಳ ಕೊಡ್ತಾರಾ?" ಎಂದು ಮೀನು ಮಾರುವ ಮುದುಕಿ ಹಮ್ದಾ ಕೆಳಗಿನಿಂದ ಕೂಗುತ್ತಿದ್ದಳು.

"ನೀನು ಮೊದ್ಲು ಉಪವಾಸ ಬಿಡಜ್ಜಿ. ಆ ಬಾಯಿಗೆ ಬೇರೆ ಕೆಲ್ಸ ಸಿಗ್ಲಿ."

ಮೂರನೆಯ ವರ್ಷ ವಿಮಾನ ಇಳಿಸುವ ಜಾಗದ ಕಾಗದಕ್ಕೆ ಶೇಖ್‌ರ ಸಹಿ ಹಾಕಿಸಲು ಅದೇ ಅಧಿಕಾರಿ ಬಂದ. ಹಡಗಿನಿಂದ ಶೇಖ್‌ರಿಗೆ ಮೂರು ಗುಂಡಿನ ಮರ್ಯಾದೆ ಸಲ್ಲುತ್ತದೆ, ದಂಡೆಯಿಂದಲೂ ಮೂರು ಹಾರಬೇಕು ಎಂದು ಮುಂಚೆಯೇ ಹೇಳಿಕಳಿಸಿದ್ದ. ಖಲ್ಫಾನ್ ಒಂದು ಹಿಡಿ ಮದ್ದು ತಂದು ಶೇಖ್‌ರ ಮುಂದೆ ಹಿಡಿದ.

"ಧಣಿ, ಇದು ಮದ್ದಲ್ಲ, ಕಲಸಿದ ಹಿಟ್ಟು. ಬೆರಳಿಗೆ ಅಂಟ್ತಾ ಇದೆ."

"ಮೂರೂ ಹಾರದಿದ್ರೆ ಅಕ್ಕಪಕ್ಕದ ಶೇಖ್‌ಗಳು ನನ್ನ ಗಡ್ಡ ನೋಡಿ ನಗ್ತಾರೆ. ಬಿಸಿಲಿಗೆ ಹರಡು, ಹಾರ್ಸು."

ಎರಡು ಹಾರಿದವು. ಮೂರನೆಯದಕ್ಕೆ ಬತ್ತಿ ಉರಿದುಹೋಯಿತು, ಮದ್ದು ಹತ್ತಲಿಲ್ಲ. ನಾನು ಹತ್ತಿರ ಹೋದೆ. "ಅಲ್ಲೇ ನಿಲ್ಲು ಥಾನಿ" ಎಂದ ಖಲ್ಫಾನ್ ನನಗೆ. ತುಂಬ ಹೊತ್ತು ಕಾದ. "ಸಾಹೇಬ್ರು ಕಾಯ್ತಿದಾರೆ, ಸತ್ತೋದ್ಯೇನೋ ಮೇಲೆ?" ಎಂದು ಕೆಳಗಿನಿಂದ ಶೇಖ್‌ರ ಆಳು ಕಿರುಚಿದ. ಆಗ ಖಲ್ಫಾನ್ ಹಸಿ ಮದ್ದನ್ನು ಹೊರಗೆಳೆಯಲು ಉದ್ದನೆಯ ಕೋಲು ತೆಗೆದುಕೊಂಡು ಫಿರಂಗಿಯ ಬಾಯಿಗೆ ಹಾಕಿದ. ಆವಾಗ ಹತ್ತಿತು. ಕೋಲು ಕಡಲಿಗೆ ಹೋಯಿತು. ಅದರ ಜೊತೆ ಅವನ ಬಲಗೈ, ಮಣಿಕಟ್ಟಿನವರೆಗೆ.

ಹಡಗಿನ ವೈದ್ಯ ಬಂದು ಅಚ್ಚುಕಟ್ಟಾಗಿ ಹೊಲಿದ. ಅದನ್ನು ನಾನು ಇಲ್ಲವೆನ್ನುವುದಿಲ್ಲ. ಮೂರೂ ಗುಂಡು ಸರಿಯಾಗಿ ಕೇಳಿಸಿದವು ಎಂದು ಅಧಿಕಾರಿ ಸಂತೋಷಪಟ್ಟನಂತೆ.

ಗಾಯ ಒಣಗಿದ ಮೇಲೆ ಖಲ್ಫಾನ್ ನಮ್ಮ ಜೊತೆ ಊಟಕ್ಕೆ ಕೂತ. ನಡುವೆ ಅನ್ನ ಮೀನಿನ ದೊಡ್ಡ ತಟ್ಟೆ. ಎಡಗೈ ಮುಂದೆ ಬಂತು, ಹಿಂದೆ ಹೋಯಿತು. ಎಲ್ಲರೂ ಉಣ್ಣುವ ತಟ್ಟೆಗೆ ಎಡಗೈ ಹಾಕುವುದು ಹೇಗೆ? ಅವನೇ ಒಂದು ಬೋಗುಣಿ ತೆಗೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತ. ಮುಂದೆ ದಿನವೂ ಹಾಗೇ. ಮೌಜಾ ಅಳಲಿಲ್ಲ. ಬೋಗುಣಿ ತೊಳೆದು ಬೇರೆ ಇಡುತ್ತಿದ್ದಳು.

ನಮ್ಮಲ್ಲಿ ಒಂದು ಕೈಗೆ ಐವತ್ತು ಒಂಟೆ. ಯಾರ ಅಪ್ಪಣೆಯಿಂದ ಹೋಯಿತೋ ಅವರು ಕೊಡಬೇಕು. ಶೇಖ್‌ರನ್ನು ಕೇಳಿದೆವು.

"ಮದ್ದಿಗೆ ಬೀಗ ಹಾಕ್ಸಿದ್ದೂ ಆ ಸಾಹೇಬ್ನೇ, ಮೂರು ಹಾರ್ಸಿ ಅಂದಿದ್ದೂ ಅವ್ನೇ. ಅವ್ನನ್ನೇ ಕೇಳಿ. ಆಗಲ್ಲ ಅಂದ್ರೆ ನಾನು ಕೊಡ್ತೀನಿ" ಎಂದರು.

"ಒಂಟೆ ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ" ಎಂದ ಖಲ್ಫಾನ್ ದಾರಿಯಲ್ಲಿ. "ತಪ್ಪು ನಂದಲ್ಲ ಅಂತ ಯಾರಾದ್ರೂ ಒಬ್ರು ಹೇಳ್ಬೇಕು ಥಾನಿ."

ಚಳಿಗಾಲದಲ್ಲಿ ಅಧಿಕಾರಿ ಅಕ್ಕಿ ಸಕ್ಕರೆ ಹಂಚಿಕೆಯ ಲೆಕ್ಕಕ್ಕೆ ಬಂದು ದಂಡೆಯಲ್ಲಿ ಡೇರೆ ಹಾಕಿದ. ಅವನ ದುಭಾಷಿ ಯಾಕೂಬ್ ನಮ್ಮನ್ನು ಒಳಗೆ ಕರೆದ. ಊರಿನ ಗಂಡಸರು ಡೇರೆಯ ಬಾಯಿಯಲ್ಲಿ ನಿಂತರು. ಕಾಫಿ ಬಂತು. ಖಲ್ಫಾನ್ ಬಟ್ಟಲನ್ನು ನೆಲಕ್ಕಿಟ್ಟು ಸುಮ್ಮನೆ ಕೂತ. ಹಾಗೆ ಇಟ್ಟರೆ, ಬೇಡಲು ಬಂದಿದ್ದೇನೆ, ನಡೆಸಿಕೊಡುವವರೆಗೆ ಕುಡಿಯುವುದಿಲ್ಲ ಎಂದರ್ಥ. ನಡೆಸಿಕೊಡುವವನಾದರೆ ಮನೆಯವನು "ಕುಡಿ" ಅನ್ನಬೇಕು.

ಅಧಿಕಾರಿ ಬಟ್ಟಲನ್ನು ನೋಡಿದ. ಮೊಂಡು ಕೈಯನ್ನು ನೋಡಿದ. ಅವನ ಮುಖ ಕೆಂಪಾಯಿತು. ಎದ್ದು ಬಂದು ಖಲ್ಫಾನ್‌ನ ಮುಂದೆ ಮಂಡಿಯೂರಿ, ಬಟ್ಟಲೆತ್ತಿ ಅವನ ತುಟಿಗೆ ಹಿಡಿದು, ನಮ್ಮ ಭಾಷೆಯಲ್ಲೇ "ಕುಡಿ, ಕುಡಿ" ಎಂದ.

ಬೇಡಿದವನಿಗೆ ತನ್ನ ಕೈಯಾರೆ ಕುಡಿಸಿದವರನ್ನು ನಾವು ಯಾರೂ ಕಂಡಿರಲಿಲ್ಲ. ಖಲ್ಫಾನ್ ಕುಡಿದ. ಹೊರಗಿದ್ದವರು ದೇವರನ್ನು ಕೊಂಡಾಡಿದರು. ಇನ್ನು ಬಾಯಿ ಬಿಟ್ಟು ಕೇಳುವುದೇನಿತ್ತು? ಎದ್ದು ಬಂದೆವು. ಆ ರಾತ್ರಿ ಅವನು ಗೋಡೆಯ ಕಡೆ ತಿರುಗದೆ ಉಂಡ.

ಒಂಟೆ ಬರಲಿಲ್ಲ. ಮುಂದಿನ ಚಳಿಗೆ ಬೇರೆ ಅಧಿಕಾರಿ ಬಂದ, ಹಳಬನಿಗೆ ವರ್ಗವಾಗಿತ್ತು. ನಾನು ಯಾಕೂಬ್‌ನ ಕತ್ತಿನ ಪಟ್ಟಿ ಹಿಡಿದೆ.

"ಬಿಡೋ ಮಾರಾಯ! ಕೈಯಿಲ್ದವ್ನಿಗೆ ಬಟ್ಟಲೆತ್ತೋಕೆ ಆಗಲ್ಲ ಅನ್ಕೊಂಡ್ರು ಅವ್ರು. ಪಾಪ ಅಂತ ಕುಡಿಸಿದ್ರು, ಅಷ್ಟೇ."

"ನಿಂಗೆ ಗೊತ್ತಿತ್ತಲ್ಲ, ನಾಲಿಗೆ ಸತ್ತಿತ್ತಾ?"

"ಸಾಹೇಬ್ರು ಮಂಡಿಯೂರಿ ಕೂತಿರೋವಾಗ ತಪ್ಪು ತಿಳ್ಕೊಂಡ್ರಿ ಅನ್ನೋಕೆ ನಂಗೇನು ಎರಡು ತಲೆ ಇದ್ಯಾ?"

ಹೊಸಬ ಎಲ್ಲವನ್ನೂ ಕೇಳಿ, ಕಾಫಿ ಕೊಟ್ಟದ್ದಕ್ಕೆ ಒಂಟೆ ಕೊಡಲಾಗುವುದಿಲ್ಲ ಎಂದ. ಶೇಖ್‌ರ ಬಳಿ ಹೋದೆವು.

"ಇಡೀ ಊರಿನ ಮುಂದೆ ಆ ಹಳೇ ಸಾಹೇಬ್ನ ಕೈಯಿಂದ ಕುಡ್ದಿದೀಯ. ಸಾಲ ಅವ್ನ ಕುತ್ತಿಗೆಗೆ ಹೋಯ್ತು. ನನ್ನ ಮೇಲೇನೂ ಇಲ್ಲ" ಎಂದರು.

ಖಲ್ಫಾನ್ ಎದ್ದು ಮನೆಗೆ ನಡೆದ. ಬೋಗುಣಿ ಮತ್ತೆ ಗೋಡೆಯ ಕಡೆಗೆ ಹೋಯಿತು. ಯುದ್ಧ ಮುಗಿದು ಫಿರಂಗಿ ಮತ್ತೆ ಹಾರತೊಡಗಿತು, ಬೇರೆಯವನ ಕೈಯಲ್ಲಿ. ಆ ಶಬ್ದಕ್ಕೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಕೊನೆಗೊಂದು ಬೇಸಿಗೆ ಜ್ವರ ಬಂದು ಹೋದ. ಮಣ್ಣು ಮಾಡಿ ಬರುವಾಗ ಯಾರೋ "ಪಾಪ, ಆತುರದ ಮನುಷ್ಯ" ಎಂದರು. ನಾನು ಹಾಗೆಂದವನ ಹಲ್ಲು ಮುರಿದೆ.

ಈಗಲೂ ಚಳಿಗಾಲದಲ್ಲಿ ಡೇರೆ ಬೀಳುತ್ತದೆ. ನಾನು ಹೋಗಿ ಕೂರುತ್ತೇನೆ. ಕಾಫಿ ಬರುತ್ತದೆ. ನೆಲಕ್ಕಿಡುತ್ತೇನೆ. ಅದು ಆರುತ್ತದೆ. ಆಳು ಬಂದು ಬಟ್ಟಲು ಎತ್ತಿಕೊಂಡು ಹೋಗುತ್ತಾನೆ.