ದನದ ಡಾಕ್ಟರರ ಹನ್ನೆರಡು ಬಿಲ್ಲೆ

ಲಸಿಕೆಯ ಬಾಟಲಿಯನ್ನು ಅವರು ಮೊದಲು ಒತ್ತಿಕೊಳ್ಳುತ್ತಿದ್ದುದು ತಮ್ಮ ಕೆನ್ನೆಗೆ. ಬಿಳಿ ಕುರುಚಲು ಗಡ್ಡದ ಮೇಲೆ ತಣ್ಣನೆಯ ಹನಿ ಇಳಿಯುತ್ತಿದ್ದರೆ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು, ಒಳಗಿನದೇನೋ ಕೇಳಿಸುತ್ತಿದೆ ಎಂಬಂತೆ. ಗದ್ವಾಲ ಕಡೆಯ ದನದ ಆಸ್ಪತ್ರೆಯೊಂದಕ್ಕೆ ನಾನು ಸಹಾಯಕಿಯಾಗಿ ಸೇರಿದಾಗ ಅವರು ಅಲ್ಲಿಯ ಡಾಕ್ಟರು. ಥರ್ಮಾಮೀಟರ್ ಇದ್ದರೂ ಕೆನ್ನೆಯನ್ನೇ ನಂಬುವ ಮನುಷ್ಯನಿಗೆ ತುಸು ಹುಚ್ಚು ಎಂದೇ ನಾನು ಎಣಿಸಿದ್ದೆ.

ಕಾಲುಬಾಯಿ ಬೇನೆಯ ವೈರಸ್ಸಿನ ಮಾತು ಬಂದರಂತೂ ಕನಸಿಗೆ ಜಾರಿದವರಂತೆ ಮೆಲ್ಲಗೆ ಹೇಳುತ್ತಿದ್ದರು: "ಅದರ ಮೈಮ್ಯಾಲೆ ಪ್ರೋಟೀನಿನ ಚಿಪ್ಪು ಇರತೈತಿ ತಂಗಿ. ಒಳಗಿನ ಜೀವ ಕಾಯೋದು ಅದ. ಐದು ತುಂಡು ಕೂಡಿ ಒಂದು ಬಿಲ್ಲಿ, ಹನ್ನೆರಡು ಬಿಲ್ಲಿ ಕೂಡಿ ಒಂದು ಚಿಪ್ಪು. ಯಾರೂ ಜೋಡಸಂಗಿಲ್ಲ, ತಾವ ಕೂಡತಾವ. ಲಸಿಕಿಯೊಳಗ ವೈರಸ್ ಸತ್ತಿರತೈತಿ, ಚಿಪ್ಪು ಮಾತ್ರ ಒಡೀಬಾರದು. ದನ, ಕುರಿ ಮೈ ಗುರ್ತು ಹಿಡಿಯೋದು ಅದನ್ನ. ಬಿಸಿ ತಾಗಿದ್ರ ಬಿಲ್ಲಿ ಬಿಚ್ಚಿ ಹೋಗತಾವ." ಕೇಳುತ್ತ ಕೇಳುತ್ತ ನನಗೂ ಆ ಬಿಲ್ಲೆಗಳು ಊರ ಪಕ್ಕದ ಜುರಾಲಾ ಕಾಲುವೆಯ ಬಿಸಿಲಲ್ಲಿ ತೇಲಿಬಂದು ಒಂದನ್ನೊಂದು ಹಿಡಿದುಕೊಳ್ಳುವುದು ಕಾಣುತ್ತಿತ್ತು.

ಒಂದು ಬೇಸಿಗೆ ಧರೂರಿನ ಹತ್ತಿರದ ಹಳ್ಳಿಯಲ್ಲಿ ಲಸಿಕೆ ಹಾಕುವುದಿತ್ತು. ಪಕ್ಕದೂರಿಗೆ ಬೇನೆ ಬಂದಾಗಿತ್ತು. ಲಸಿಕೆಯ ಐಸ್ ಪೆಟ್ಟಿಗೆ ತರುವುದು ನನ್ನ ಜವಾಬ್ದಾರಿ. ನನ್ನ ಮೊಸರನ್ನ ಹುಳಿಯಾಗದಿರಲೆಂದು ಎರಡು ಐಸ್ ಚೀಲ ತೆಗೆದು ಡಬ್ಬಿಯನ್ನು ಒಳಗಿಟ್ಟೆ. ಪೆಟ್ಟಿಗೆಯನ್ನು ಬಸ್ಸಿನಲ್ಲಿ ಡ್ರೈವರನ ಪಕ್ಕದ ಎಂಜಿನ್ ಬಾನೆಟ್ಟಿನ ಮೇಲೆ ಇಟ್ಟೆ. ಅದು ಕಾದ ಹಂಚಿನಂತಿತ್ತು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಊರು ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು.

ಅಲ್ಲಿ ಕಾಯುತ್ತಿದ್ದ ಡಾಕ್ಟರು ಬಾಟಲಿಯನ್ನು ಕೆನ್ನೆಗೆ ಒತ್ತಿಕೊಂಡರು. ಈ ಸಲ ಕಣ್ಣು ಮುಚ್ಚಲಿಲ್ಲ. ಒಳಗಿದ್ದ ಮೊಸರನ್ನದ ಡಬ್ಬಿಯನ್ನು ನೋಡಿ ಪೆಟ್ಟಿಗೆಯ ಮುಚ್ಚಳ ಹಾಕಿದರು.

ಬೆಳಗಿನಿಂದ ಕುರಿ ತರುಬಿಕೊಂಡು ಕೂತಿದ್ದ ಮುದುಕರೊಬ್ಬರು ರೇಗಿದರು. "ಔಷಧಿ ನೋಡಾಕ ಚಲೋನ ಐತಲ್ರಿ. ಹಾಕಿ ಬಿಡ್ರಿ."

"ಇದನ್ನ ಚುಚ್ಚಿದ್ರ ನಿಮಗ ಧೈರ್ಯ ಬರತೈತಿ ಯಜಮಾನ್ರ, ಕುರಿಗೆ ಏನೂ ಬರಂಗಿಲ್ಲ," ಎಂದರು ಡಾಕ್ಟರು. "ಪೆಟ್ಟಿಗಿ ನಾನ ನೋಡ್ಕೋಬೇಕಿತ್ತು. ತಪ್ಪು ನಂದು."

ಬೈಗುಳವೆಲ್ಲ ಅವರಿಗೇ ಬಿತ್ತು. ನಾನು ಡಬ್ಬಿಯನ್ನು ಮೆಲ್ಲಗೆ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. ಮರುದಿನ ಅವರೇ ಹೊಸ ಲಸಿಕೆ ತಂದು ಹಾಕಿದರು. ಬೇನೆ ಪಕ್ಕದೂರಿನ ಮೇರೆ ದಾಟಿ ಬರಲಿಲ್ಲ. ನನಗೆ ಹೇಳಿದ್ದು ಇಷ್ಟೇ: "ಮೊಸರು ಬ್ಯಾರೆ ಚೀಲದಾಗ ತಾ ತಂಗಿ."

ಹೋದ ವರ್ಷ ಅವರು ತೀರಿಕೊಂಡರು. ಅವರ ಮನೆಯವರನ್ನು ಮಾತನಾಡಿಸಿ ಬರಲು ಹೋದಾಗ ಅದೇ ಮುದುಕರು ಕಂಬಳಿ ಹಾಸಿಕೊಂಡು ಅಂಗಳದಲ್ಲಿ ಕೂತಿದ್ದರು. "ಬಾಳ ನಿಯತ್ತಿನ ಮನಷ್ಯಾ," ಎಂದು ಪಕ್ಕದವರಿಗೆ ಹೇಳುತ್ತಿದ್ದರು. "ಒಮ್ಮಿ ಮಾತ್ರ ಔಷಧಿ ಕೆಡಿಸಿಕೊಂಡು ಬಂದಿದ್ರು ನೋಡ್ರಿ."

ಇಷ್ಟು ವರ್ಷ ಅವರ ಮರೆಯಲ್ಲಿ ನೆಮ್ಮದಿಯಾಗಿದ್ದವಳು ನಾನು.

"ಅದು ಅವರಲ್ರೀ ಕಾಕಾ," ಎಂದೆ. "ನಾನು."

ಬಾಗಿಲಲ್ಲಿ ನಿಂತಿದ್ದ ಡಾಕ್ಟರರ ಹೆಂಡತಿ ಅಂಗಳಕ್ಕೆ ಇಳಿದು ಬಂದರು.

"ಇದನ್ನ ಅವರು ನನಗೂ ಹೇಳಿದ್ದಿಲ್ಲ ನೋಡವಾ," ಎಂದರು.