ಯಾವ ಕಂಪನಿಯವರೂ ಅಲ್ಲದ ಚಿಕ್ಕಮ್ಮ

ಪ್ರಯಾಣಿಕ ರೈಲುಗಳ ದೀಪ, ಫ್ಯಾನು, ತಂಪುಯಂತ್ರಗಳನ್ನು ಪ್ರಯಾಣಿಕರು ಬರುವ ಮುನ್ನ ಸರಿಪಡಿಸಿ, ಅವರು ಬರುವ ಹೊತ್ತಿಗೆ ಕಣ್ಮರೆಯಾಗುವ ವಿದ್ಯುತ್ ತಂತ್ರಜ್ಞರ ಸಾಲಿನಲ್ಲಿ, ಶೆಡ್ಡಿನವರೆಲ್ಲರೂ ‘ಚಿಕ್ಕಮ್ಮ’ ಎಂದು ಕರೆಯುವ ಮಾನ್ಯರಿಗೆ ವಿಶಿಷ್ಟ ಸ್ಥಾನವಿದೆ. ಅವರಿಗಿಂತ ಹಿರಿಯರಾದ ಮೇಲ್ವಿಚಾರಕರೂ ಹಾಗೆಯೇ ಕರೆಯುವುದರಿಂದ, ಈ ಬಂಧುತ್ವ ವಯಸ್ಸಿನದಲ್ಲ, ಸೇವೆಯದು ಎಂದು ತಿಳಿಯಬೇಕು.

ಆ ಸೇವೆ ಯಾರಿಗೆ ಸಂದಿತು ಎಂಬುದೇ ಚಿಕ್ಕಮ್ಮನವರನ್ನು ನಿವೃತ್ತಿಯವರೆಗೂ ಕಾಡಿದ ಗೊಂದಲ. ಅದೇ ಶೆಡ್ಡು, ಅದೇ ಬೋಗಿಗಳು, ಅದೇ ಸ್ಪ್ಯಾನರು. ಆದರೆ ದುರಸ್ತಿಯ ಗುತ್ತಿಗೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಸಮವಸ್ತ್ರದ ಬಣ್ಣ ಬದಲಾಗಿ ಅವರು ಹೊಸದಾಗಿ ಸೇರಿದವರಾಗುತ್ತಿದ್ದರು. ತಾವೇ ಕೆಲಸ ಕಲಿಸಿದವರ ಹಿಂದೆ ಸಾಲಿನಲ್ಲಿ ನಿಂತು, “ಅನುಭವ ಏನಾದ್ರೂ ಇದೆಯಾ?” ಎಂಬ ಪ್ರಶ್ನೆಗೆ “ಸ್ವಲ್ಪ ಇದೆ” ಎಂದದ್ದುಂಟು. ವಿದ್ಯುತ್ತಿಗೆ ಹೆದರುವ ಹೊಸಬರಿಗೆ ತಮ್ಮ ಕೈಗವಸನ್ನೇ ತೊಡಿಸಿದ್ದು, ಮನೆಯಲ್ಲಿ ಕಾಯಿಲೆಯೆಂದು ಹೊರಟವರ ಬೋಗಿಯನ್ನೂ ತಾವೇ ಮುಗಿಸಿ ಸುಮ್ಮನಿದ್ದುದು ಆ ವರ್ಷಗಳ ಮಾತು.

ಬೋಗಿಯ ಅಡಿಗೆ ಇಳಿಯುವವರು ಆ ಬೋಗಿಗೆ ವಿದ್ಯುತ್ ಹರಿಸುವ ಸ್ವಿಚ್ಚನ್ನು ಆರಿಸಿ, ಅದರ ಹಿಡಿಗೆ ಕೆಂಪು ಬಿಲ್ಲೆಯೊಂದನ್ನು ತೂಗುಹಾಕುವುದು ಪದ್ಧತಿ. ಹಾಕಿದವರೇ ಬಂದು ತೆಗೆಯಬೇಕು; ಬಿಲ್ಲೆಯಿರುವ ಸ್ವಿಚ್ಚನ್ನು ಯಾರೂ ಮುಟ್ಟುವಂತಿಲ್ಲ. ಬಿಲ್ಲೆಯ ಮೇಲೆ ಗುತ್ತಿಗೆ ಕಂಪನಿಯ ಹೆಸರಿರುತ್ತಿತ್ತು.

ಒಂದು ಮಧ್ಯಾಹ್ನ ಗುತ್ತಿಗೆ ಬದಲಾಯಿತು. ಹಳೆಯ ಕಂಪನಿಯ ಬಿಲ್ಲೆಗಳನ್ನೆಲ್ಲ ಕಿತ್ತು ತರುವಂತೆ ಹೊಸ ಮೇಲ್ವಿಚಾರಕರು ಚಿಕ್ಕಮ್ಮನವರಿಗೆ ಆಜ್ಞಾಪಿಸಿದರು. ಕೆಲಸ ಮುಗಿಸಿ ಮೇಲೆ ಬಂದಿದ್ದವರಿಂದ ಒಂದೊಂದನ್ನೇ ತೆಗೆಸುತ್ತ ಬಂದ ಅವರು ಕೊನೆಯ ಸ್ವಿಚ್ಚಿನ ಮುಂದೆ ನಿಂತುಬಿಟ್ಟರು. ಅಲ್ಲಿದ್ದ ಬಿಲ್ಲೆ ಬ್ಯಾಟರಿ ಕೆಲಸಗಾರನದು. ಶೆಡ್ಡಿಗೆಲ್ಲ ಆತ ‘ಭಾವ’. ಆತ ಇನ್ನೂ ಬೋಗಿಯ ಅಡಿಯಲ್ಲಿದ್ದ.

ಹಿಂದೆಯೇ ಬಂದ ಮೇಲ್ವಿಚಾರಕರು ಹೇಳಿದರು: “ಆ ಕಂಪನಿ ಮುಗೀತಲ್ಲ ಚಿಕ್ಕಮ್ಮ, ಈ ಬಿಲ್ಲೆಗೇನು ಬೆಲೆ? ತೆಗೀರಿ, ತಂಪುಯಂತ್ರ ಪರೀಕ್ಷೆ ಮಾಡಬೇಕು.”

“ಕಂಪನಿ ಮುಗೀತು ಸ್ವಾಮಿ, ಭಾವನ ಕೆಲಸ ಮುಗಿದಿಲ್ಲ.”

“ಅಡೀಲಿ ಯಾರೂ ಇರೋಕೆ ಸಾಧ್ಯವೇ ಇಲ್ಲ. ನಮ್ಮವರನ್ನ ನಾವಿನ್ನೂ ಇಳಿಸಿಯೇ ಇಲ್ಲ! ತೆಗೀದಿದ್ರೆ ನಿಮಗೆ ನಮ್ಮಲ್ಲಿ ಜಾಗ ಇಲ್ಲ, ನೋಡಿ.”

ಚಿಕ್ಕಮ್ಮನವರು ತಮ್ಮಲ್ಲೇ ಲೆಕ್ಕ ಹಾಕಿದರು. ತಾವು ಆ ಕಂಪನಿಯವರಲ್ಲ, ಈ ಕಂಪನಿಯವರಾಗಿಯೂ ಇಲ್ಲ. ಹಾಗಿರುವಾಗ ತಡೆಯುವ ಅಧಿಕಾರ ತಮಗೆಲ್ಲಿಯದು? ಆದರೂ ಸ್ವಿಚ್ಚಿನ ಹಿಡಿಗೆ ಅಡ್ಡವಿಟ್ಟ ಕೈಯನ್ನು ತೆಗೆಯಲಿಲ್ಲ.

ಕೆಳಗಿನಿಂದ ಭಾವ ಕೂಗಿದ: “ಏನ್ ಗಲಾಟೆ ಚಿಕ್ಕಮ್ಮಾ, ಊಟಕ್ಕೆ ಕರೀತಿದಾರಾ?”

“ಇಲ್ಲ ಕಣೋ, ನೀನು ಯಾವ ಕಂಪನಿಯೋನು ಅಂತ ಕೇಳ್ತಿದಾರೆ!”

“ಮೊದ್ಲು ಮೇಲೆ ಬರ್ತೀನಿ. ಆಮೇಲೆ ಯಾರದಾದ್ರೂ ಆಗ್ತೀನಿ!”

ಭಾವ ಮೈಯೆಲ್ಲ ಮಸಿಯಾಗಿ ಮೇಲೆ ಬಂದುದನ್ನು ಕಂಡು ಮೇಲ್ವಿಚಾರಕರ ಮುಖ ಬಿಳಿಚಿತು. ಕೆಲಸ ಹೋಯಿತೋ ಉಳಿಯಿತೋ ಎಂದು ಯಾರೂ ಚಿಕ್ಕಮ್ಮನವರಿಗೆ ಹೇಳಲಿಲ್ಲ. ಮರುದಿನ ಅವರು ಮನೆಯ ಬಟ್ಟೆಯಲ್ಲೇ ಬಂದು ಕೆಲಸ ಆರಂಭಿಸಿದರು. ಮಧ್ಯಾಹ್ನ ಯಾರೋ ಹೊಸ ಸಮವಸ್ತ್ರವನ್ನು ಸುಮ್ಮನೆ ಬೆಂಚಿನ ಮೇಲಿಟ್ಟು ಹೋದರು.

ಈಗ ತಮ್ಮ ನಿವೃತ್ತಿಗೆಂದು ಸಮಾರಂಭ ಏರ್ಪಡಿಸಿರುವ ಅಭಿನಂದನ ಸಮಿತಿಯವರನ್ನು ಅವರು ಕೇಳುತ್ತಾರೆ: “ನಾನು ನಿವೃತ್ತಿ ಆಗ್ತಿರೋದು ಯಾವ ಕಂಪನಿಯಿಂದ್ರಪ್ಪ?” ಸಮಿತಿಗೂ ಗೊತ್ತಿಲ್ಲ, ಯಾವ ಕಂಪನಿಯೂ ಒಪ್ಪಿಕೊಂಡಿಲ್ಲ. ಆದರೆ ಸಮಾರಂಭದ ಅಧ್ಯಕ್ಷತೆಗೆ ಭಾವ ಸಂತೋಷದಿಂದ ಒಪ್ಪಿದ್ದಾರೆ. ಚಿಕ್ಕಮ್ಮನವರಿಗೆ ಆಯುರಾರೋಗ್ಯಗಳು ತುಂಬಿರಲಿ. ಅವರು ಆಗಾಗ ಶೆಡ್ಡಿಗೆ ಬಂದು ಹೊಸಬರಿಗೆ ಕಲಿಸುತ್ತಿರಲಿ, ಭಾವನವರಂತೆ ಎಲ್ಲರೂ ಮೇಲೆ ಬರುತ್ತಿರಲಿ.