ತಿಪ್ಪವ್ವ ತಿದ್ದಿದ ಡಾಲ್ಫಿನ್

ಪುಣೆಯ ಖಡಕಿಯಲ್ಲಿ ರೈಲು ಹಳಿಯ ಆಚೆ ತಗಡಿನ ಮನೆಗಳ ಒಂದು ಸಾಲಿದೆ. ಆ ಸಾಲಿನ ಮಕ್ಕಳಲ್ಲಿ ಮುಕ್ಕಾಲು ಪಾಲು ಭೂಮಿಗೆ ಬಂದೊಡನೆ ಮೊದಲು ಕಂಡ ಮುಖ ತಿಪ್ಪವ್ವನದು. ಅದಕ್ಕೇ ಅವು ಅಷ್ಟು ಜೋರಾಗಿ ಅತ್ತವು ಎಂದು ಅವಳ ಮಗ ಹುಸೇನಪ್ಪ ಹೇಳುತ್ತಿದ್ದ. ಹೇಳುತ್ತಿದ್ದದ್ದು ಅವ್ವ ಮನೆಯಲ್ಲಿ ಇಲ್ಲದಾಗ ಮಾತ್ರ.

ತಿಪ್ಪವ್ವ ಸುರಪುರ ಕಡೆಯ ಸೂಲಗಿತ್ತಿ. ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ ಹಿಡಿದಿದ್ದ ಹುಸೇನಪ್ಪ ತೊಂಬತ್ತೊಂದರಲ್ಲಿ ಹೆಂಡತಿ ಅನುಸೂಯಾಳ ಮೊದಲ ಹೆರಿಗೆಗೆಂದು ಅವ್ವನನ್ನು ಕರೆಸಿಕೊಂಡ. ಬಾಣಂತನ ಮುಗಿಸಿ ಮೂರು ತಿಂಗಳಿಗೆ ಹೊರಡುವ ಲೆಕ್ಕ. ಅಷ್ಟರಲ್ಲಿ ಪಕ್ಕದ ಮನೆಯವಳಿಗೆ ದಿನ ತುಂಬಿತು, ಅದರ ಹಿಂದೆಯೇ ಎದುರು ಮನೆಯವಳಿಗೆ. ಹೀಗೆ ಒಬ್ಬರಾದ ಮೇಲೊಬ್ಬರು ಹೆರುತ್ತ ಹೋದದ್ದರಿಂದ ಹನ್ನೆರಡು ವರ್ಷ ಅವಳಿಗೆ ಊರ ಕಡೆ ತಲೆ ಹಾಕಲು ಪುರುಸೊತ್ತೇ ಆಗಲಿಲ್ಲ. ಅವಳು ಕಲಿತ ಮರಾಠಿಯೂ ಆ ಕೆಲಸಕ್ಕೆ ಸಾಲುವಷ್ಟೇ. ‘ಥಾಂಬ’ ಎಂದರೆ ತಡಿ, ‘ಜೋರ ಲಾವ’ ಎಂದರೆ ತಿಣುಕು, ‘ಝಾಲಂ’ ಎಂದರೆ ಮುಗೀತು. ಈ ಮೂರು ಮಾತಿನಲ್ಲಿ ಅವಳು ಸಂತೆಯನ್ನೂ ಮಾಡಿಕೊಂಡು ಬರುತ್ತಿದ್ದಳು. ‘ಜೋರ ಲಾವ’ ಅಂದಾಗ ತರಕಾರಿಯವನು ಏನು ತಿಳಿದುಕೊಳ್ಳುತ್ತಿದ್ದನೋ, ಒಟ್ಟಿನಲ್ಲಿ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕುತ್ತಿದ್ದ.

ಎರಡು ಸಾವಿರದ ಮೂರರಲ್ಲಿ ಆರೋಗ್ಯ ಕೇಂದ್ರದಿಂದ ಒಬ್ಬ ನರ್ಸ್ ಬಂದಳು. ಇನ್ನು ಮೇಲೆ ಎಲ್ಲರೂ ದವಾಖಾನೆಯಲ್ಲೇ ಹೆರಬೇಕು ಎಂದಳು. ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಮಾತು. ಸಾಲಿನ ಹೆಂಗಸರೆಲ್ಲ ನಿಂತಿದ್ದಾಗ ತಿಪ್ಪವ್ವನತ್ತ ತಿರುಗಿ, ಅಕ್ಷರ ಬಾರದ ಮುದುಕಿಗೆ ಇದರಲ್ಲಿ ಏನು ತಿಳಿಯುತ್ತದೆ ಅಂದಳು. ತಿಪ್ಪವ್ವ ಅಂದಿನಿಂದ ದವಾಖಾನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಆಣೆ ಹಾಕಿಕೊಂಡಳು. ದವಾಖಾನೆಗೆ ಅದರಿಂದ ಏನೂ ನಷ್ಟವಾಗಲಿಲ್ಲ. ಸಾಲಿನ ಬಸುರಿಯರು ಒಬ್ಬೊಬ್ಬರೇ ಅಲ್ಲಿಗೆ ಹೋಗತೊಡಗಿದರು. ಮೂರು ವರ್ಷದಲ್ಲಿ ತಿಪ್ಪವ್ವನ ಮಾತಿಗೆ ಉಳಿದ ಬೆಲೆ ಇಷ್ಟೇ: ಬಾಣಂತಿಗೆ ಓಮದ ಕಾಳು ಎಷ್ಟು ಹುರಿಯಬೇಕೆಂದು ಯಾರಾದರೂ ಕೇಳುತ್ತಿದ್ದರು, ಅದನ್ನೂ ಬಾಗಿಲಲ್ಲೇ ನಿಂತು ಕೇಳಿ ಹೋಗುತ್ತಿದ್ದರು. ಇದು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಇಂಥ ಹೊತ್ತಿನಲ್ಲಿ ಮನೆಗೆ ಡಾಲ್ಫಿನ್ ಬಂತು.

ಕಿರಿಯ ಮೊಮ್ಮಗಳು ಸೋನಾಲಿ ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆ, ಎಂದರೆ ಏಳನೆಯ ತರಗತಿ. ವಿಜ್ಞಾನ ಕಲಿಸುವ ಮಾಧುರಿಬಾಯಿ ಪ್ರಾಣಿಗಳ ಹೆಸರು ಬರೆದು ಚೀಟಿ ಎತ್ತಿಸಿದ್ದರು. ಯಾರಿಗೆ ಯಾವುದು ಬರುತ್ತದೋ ಅದರ ಮೇಲೆ ಪ್ರಾಜೆಕ್ಟ್. ಚಂದ ಮಾಡಿದವರ ಚಾರ್ಟು ಶನಿವಾರದ ಪ್ರದರ್ಶನದಲ್ಲಿ ಶಾಲೆಯ ಸಭಾಂಗಣದ ಗೋಡೆ ಏರುತ್ತದೆ. ಉಳಿದವರಿಗೆ ಆಕಳು, ಕಾಗೆ, ಇರುವೆ ಎಂದು ಕಂಡು ಕೇಳಿದ ಪ್ರಾಣಿಗಳು ಬಂದವು. ಸಮುದ್ರವನ್ನು ಕ್ಯಾಲೆಂಡರಿನಲ್ಲಷ್ಟೇ ನೋಡಿದ್ದ ಸೋನಾಲಿಗೆ ಡಾಲ್ಫಿನ್ ಬಂತು. ಅವಳು ರದ್ದಿ ಅಂಗಡಿಯ ಬಾಳೂನನ್ನು ಕಾಡಿ ಬೇಡಿ ಒಂದು ಹಳೆಯ ಇಂಗ್ಲಿಷ್ ಮಾಸಿಕ ತಂದಳು, ಶಾಲೆಯ ಗ್ರಂಥಾಲಯದಿಂದ ಒಂದು ಮರಾಠಿ ಪುಸ್ತಕ ತಂದಳು. ಸಂಜೆ ಅಕ್ಕಿ ಆರಿಸುತ್ತ ಕೂತ ಅಜ್ಜಿಗೆ ಅದನ್ನೆಲ್ಲ ಕನ್ನಡ ಮಾಡಿ ಹೇಳತೊಡಗಿದಳು. ಅಜ್ಜಿಯನ್ನು ಅವಳು ಕರೆಯುತ್ತಿದ್ದದ್ದು ಆಯಿ ಎಂದು.

“ಗಂಗಾ ನದ್ಯಾಗಿನ ಡಾಲ್ಫಿನ್‌ಗೆ ಕಣ್ಣ ಕಾಣಂಗಿಲ್ಲಂತ ಆಯಿ.”

“ಪಾಪ. ಬಸರಿದ್ದಾಗ ಅವ್ವ ಗ್ರಹಣ ನೋಡಿರಬೇಕು.”

“ಕೊಂಕಣದ ಕಡೀಗೆ ಇರೋದಕ್ಕ ಬೆನ್ನ ಮ್ಯಾಲ ಗೂನ ಇರ್ತದ. ಒರಿಸ್ಸಾದ ಸರೋವರದಾಗ ಇರಾವಡಿ ಅಂತ ಒಂದು ಜಾತಿ ಅದ, ಅದಕ್ಕ ಮೂತಿನೇ ಇಲ್ಲ, ದುಂಡನ ತಲಿ. ಅದು ಹದಿನಾಕು ತಿಂಗಳು ಬಸರಿರ್ತದಂತ. ಎಲ್ಲಾದಕ್ಕೂ ದೊಡ್ಡ ಡಾಲ್ಫಿನ್ ಅಂದ್ರ ಓರ್ಕಾ. ಅದು ಹದಿನೇಳು ತಿಂಗಳು.”

ತಿಪ್ಪವ್ವನ ಕೈ ಮೊರದ ಮೇಲೆ ನಿಂತಿತು. “ಹದಿನೇಳು ತಿಂಗಳು ಯಾವ ಅತ್ತಿ ಕುಂದ್ರಿಸಿ ಉಣ್ಣಾಕ ಹಾಕ್ತಾಳ?”

“ಕೆಲವ್ರು ಒಂಬತ್ತು ತಿಂಗಳೂ ಹಾಕಂಗಿಲ್ಲ ಬಿಡ್ರಿ,” ಎಂದು ಒಲೆಯ ಕಡೆಯಿಂದ ಅನುಸೂಯಾಳ ದನಿ ಬಂತು. ತಿಪ್ಪವ್ವನಿಗೆ ಆಗ ಕಿವಿ ಸ್ವಲ್ಪ ಮಂದವಾಯಿತು.

ಡಾಲ್ಫಿನ್ ಮೀನಲ್ಲ, ಗಾಳಿ ಉಸಿರಾಡುತ್ತದೆ, ಮರಿ ಹಾಕಿ ಮೊಲೆ ಕುಡಿಸುತ್ತದೆ ಎಂದು ಕೇಳಿದ ಮೇಲಂತೂ ತಿಪ್ಪವ್ವ ಅದರ ಸಂಪೂರ್ಣ ಜವಾಬ್ದಾರಿ ಹೊತ್ತುಕೊಂಡಳು. ಹಾಲು ಕುಡಿಸುವವಳು ಬಾಣಂತಿ, ಬಾಣಂತಿ ಎಂದರೆ ತನ್ನ ಇಲಾಖೆ. ನಾಲ್ಕು ಜಾತಿಗೆ ಎಷ್ಟೆಷ್ಟು ತಿಂಗಳು ಎಂಬುದು ಸೋನಾಲಿಗಿಂತ ಮೊದಲು ಅವಳಿಗೇ ಬಾಯಿಪಾಠವಾಯಿತು.

ಬುಧವಾರ ಸೋನಾಲಿ ಚಾರ್ಟಿನ ನಡುವೆ ಒಂದು ದೊಡ್ಡ ಚಿತ್ರ ಬರೆದಳು. ತಾಯಿ ಡಾಲ್ಫಿನ್ ಮರಿ ಹಾಕುತ್ತಿದೆ, ಮರಿಯ ಬಾಲ ಹೊರಗೆ ಬಂದಿದೆ. ತಿಪ್ಪವ್ವ ಬಗ್ಗಿ ನೋಡಿದಳು.

“ಇದ್ಯಾಕ ಬಾಲ ಮುಂದ ಬಂದದ?”

“ಪುಸ್ತಕದಾಗ ಹಂಗೇ ಅದ ಆಯಿ.”

“ಪುಸ್ತಕ ಇಲ್ಲೀತನಕ ಎಷ್ಟು ಹೆರಿಗಿ ಮಾಡಿಸ್ಯಾದ?”

ತಲೆ ಮುಂದೆ ಬಂದರೆ ನೆಟ್ಟಗೆ, ಕಾಲು ಮುಂದೆ ಬಂದರೆ ಕಂಟಕ, ಇದು ಕುರಿಗೂ ಗೊತ್ತು ಎಂದು ತಿಪ್ಪವ್ವ ರಬ್ಬರನ್ನು ಸೋನಾಲಿಯ ಕೈಗೆ ತುರುಕಿ ಎದುರಿಗೇ ಕೂತಳು. ಚಿತ್ರ ಅಳಿಸಿ ತಲೆ ಮುಂದೆ ಬರೆಯುವ ತನಕ ಏಳಲಿಲ್ಲ. ಬಿಸಿನೀರಿನ ಹಂಡೆ ಎಲ್ಲಿ ಎಂದೂ ಕೇಳಿದಳು. ಅದು ಸಮುದ್ರದೊಳಗೆ ಇದೆ ಎಂದು ಸೋನಾಲಿ ನೆನಪಿಸಿದ ಮೇಲೆ, ಹಾಗಾದರೆ ಬೇಡ ಬಿಡು ಎಂದು ಹಂಡೆಯ ಮಟ್ಟಿಗೆ ರಿಯಾಯಿತಿ ಕೊಟ್ಟಳು.

ಗುರುವಾರ ಚಾರ್ಟು ಶಾಲೆಗೆ ಹೋಗಿ, ಕೆಂಪು ಪೆನ್ನಿನಲ್ಲಿ ಒಂದು ದೊಡ್ಡ ಸೊನ್ನೆ ಸುತ್ತಿಸಿಕೊಂಡು ಬಂತು. ಸಾಮಾನ್ಯವಾಗಿ ಬಾಲವೇ ಮೊದಲು ಬರುತ್ತದೆ, ತಿದ್ದಿ ತಂದರೆ ಮಾತ್ರ ಗೋಡೆಗೆ ಎಂದು ಮಾಧುರಿಬಾಯಿ ಬರೆದಿದ್ದರು. ಸೋನಾಲಿ ಅಂಗಳದಲ್ಲೇ ಅಳುತ್ತ ಕೂತಳು. ಸಾಲಿನವರು ಬಂದು ಸುತ್ತ ನಿಂತರು. ಪಕ್ಕದ ಮನೆಯ ಸಕ್ಕುಬಾಯಿ ಚಾರ್ಟು ನೋಡಿ, ಟೀಚರು ಕಲಿತವರು, ಅವರಿಗೆ ತಿಳಿಯದೆ ಇರುತ್ತದೆಯೇ ಎಂದು ಮೆಲ್ಲಗೆ ಅಂದಳು. ಸಕ್ಕುಬಾಯಿಯ ನಾಲ್ಕು ಮಕ್ಕಳನ್ನೂ ಹಿಡಿದದ್ದು ತಿಪ್ಪವ್ವ. ಅವಳ ಬಾಯಲ್ಲೂ ಈಗ ನರ್ಸಿನ ಮಾತು. ಹೆರಿಗೆಯ ವಿಷಯದಲ್ಲಿ ತಾನು ತಪ್ಪು ಎಂದು ಒಂದು ಡಾಲ್ಫಿನ್ ತೋರಿಸಿಕೊಟ್ಟರೆ, ಅಕ್ಷರ ಬಾರದ ಮುದುಕಿಗೆ ಏನೂ ತಿಳಿಯುವುದಿಲ್ಲ ಎಂಬುದು ಈ ಸಾಲಿನಲ್ಲಿ ಖಾಯಂ ಆಗಿಬಿಡುತ್ತದೆ. ನಾಳೆ ತಾನೇ ಶಾಲೆಗೆ ಬರುತ್ತೇನೆಂದು ತಿಪ್ಪವ್ವ ಟ್ರಂಕಿನಿಂದ ಇಳಕಲ್ ಸೀರೆ ತೆಗೆದಳು.

ಶುಕ್ರವಾರ ಬೆಳಿಗ್ಗೆ ಅಜ್ಜಿ ಮೊಮ್ಮಗಳು ಮಾಧುರಿಬಾಯಿಯ ಮೇಜಿನ ಮುಂದೆ ನಿಂತಿದ್ದರು. ಅತ್ತಿಂದಿತ್ತ ಮಾತು ದಾಟಿಸುವ ಕೆಲಸ ಸೋನಾಲಿಯದು.

“ಅಕ್ಕೋರು ಎಷ್ಟು ಹೆರಿಗಿ ಮಾಡಿಸ್ಯಾರ ಕೇಳು,” ಎಂದಳು ತಿಪ್ಪವ್ವ.

“ಅಜ್ಜಿ ನಮಸ್ಕಾರ ಹೇಳುತ್ತಿದ್ದಾಳೆ ಬಾಯಿ,” ಎಂದು ಸೋನಾಲಿ ಮರಾಠಿಯಲ್ಲಿ ಹೇಳಿದಳು.

ಮಾಧುರಿಬಾಯಿ ಕೈ ಮುಗಿದು ಕುರ್ಚಿ ತೋರಿಸಿದರು.

“ಎಷ್ಟಂತ?”

“ಒಂದೂ ಇಲ್ಲಂತ ಆಯಿ.”

“ಹಂಗಾದ್ರ ಆ ಕೆಂಪ ಪೆನ್ನ ಕೆಳಗ ಇಡಂತ ಹೇಳು.”

“ನಿಮ್ಮ ಪೆನ್ನು ಭಾರೀ ಚಂದ ಇದೆ ಅನ್ನುತ್ತಿದ್ದಾಳೆ ಬಾಯಿ.”

ಮಾಧುರಿಬಾಯಿ ನಕ್ಕು, ಬೇಕಾದರೆ ಇಟ್ಟುಕೊಳ್ಳಿ ಎಂದು ಪೆನ್ನನ್ನು ಚಾಚಿದರು. ಎದುರಾಳಿ ಇಷ್ಟು ಬೇಗ ಆಯುಧ ಒಪ್ಪಿಸುತ್ತಾಳೆಂದು ತಿಪ್ಪವ್ವ ಎಣಿಸಿರಲಿಲ್ಲ. ಪೆನ್ನು ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಆದರೂ ಮಾಧುರಿಬಾಯಿ ಸೋತಂತೆ ಕಾಣಲಿಲ್ಲ. ಬನ್ನಿ, ಕಣ್ಣಾರೆ ನೋಡಿ ಎಂದು ಮೇಜು ಹಿಡಿದು ಎದ್ದರು. ಎದ್ದಾಗ ತಿಪ್ಪವ್ವನ ಕಣ್ಣು ತಾನಾಗಿಯೇ ಅವರ ಹೊಟ್ಟೆಗೆ ಹೋಯಿತು. ಎಂಟು ತಿಂಗಳು ತುಂಬಿದೆ. ಹೊಟ್ಟೆ ನಿಂತ ರೀತಿ ಮಾತ್ರ ಅವಳಿಗೆ ಸರಿಬರಲಿಲ್ಲ. ಕೇಳದೆ ಹೇಳುವುದು ಬೇಡವೆಂದು ಅವರ ಹಿಂದೆ ನಡೆದಳು.

ಕಂಪ್ಯೂಟರ್ ಕೋಣೆಯಲ್ಲಿ ಶಾಲೆಯ ಒಂದೇ ಒಂದು ಕಂಪ್ಯೂಟರು ಪ್ಲಾಸ್ಟಿಕ್ ಹೊದಿಕೆ ಹೊದ್ದು ಕೂತಿತ್ತು. ಮಾಧುರಿಬಾಯಿ ಹೊದಿಕೆ ತೆಗೆದು ಸಿ.ಡಿ. ಹಾಕಿದರು. ಏಳನೆಯ ಇಯತ್ತೆಯ ಹುಡುಗಿಯರೆಲ್ಲ ಹಿಂದೆ ಬಂದು ಮುತ್ತಿಕೊಂಡರು. ತೆರೆಯ ಮೇಲೆ ನೀಲಿ ನೀರು, ನೀರಿನಲ್ಲಿ ಒಂದು ಡಾಲ್ಫಿನ್ ಮೈ ತಿರುಚುತ್ತಿತ್ತು. ತಿಪ್ಪವ್ವ ಮೊದಲು ಕುರ್ಚಿಯ ಬೆನ್ನಿಗೆ ಒರಗಿ, ಇವರ ಆಟ ಎಷ್ಟು ಹೊತ್ತು ನಡೆಯುತ್ತದೆ ನೋಡೋಣ ಎಂಬಂತೆ ಕೂತಿದ್ದಳು. ಆ ತಿರುಚಾಟ ಕಂಡು ಎದ್ದು ನಿಂತಳು. ಅದು ಬೇನೆ. ಬೇನೆಯ ಗುರುತು ಹಿಡಿಯಲು ಯಾರೂ ಅವಳಿಗೆ ಕಲಿಸಬೇಕಾಗಿರಲಿಲ್ಲ.

“ಥಾಂಬ,” ಎಂದಳು ಡಾಲ್ಫಿನ್‌ಗೆ. ಪುಣೆಯ ಬಸುರಿ, ಮರಾಠಿ ತಿಳಿಯುತ್ತದೆಂದೇ ಅವಳ ನಂಬಿಕೆ. “ಥಾಂಬ ಥಾಂಬ. ಹಾಂ, ಈಗ ಜೋರ ಲಾವ.”

ಹುಡುಗಿಯರು ಬಾಯಿಗೆ ಕೈ ಹಿಡಿದು ನಗು ತಡೆದರು. ತೆರೆಯ ಮೇಲೆ ಸಣ್ಣದೊಂದು ಬಾಲ ಹೊರಬಂತು. ತಿಪ್ಪವ್ವನ ಎರಡೂ ಕೈ ಮುಂದೆ ಚಾಚಿಕೊಂಡವು. ಬಾಲ, ಆಮೇಲೆ ಹೊಟ್ಟೆ, ಕಡೆಗೆ ತಲೆ. ಕೆಳಗಿನಿಂದ ಇನ್ನೊಂದು ಡಾಲ್ಫಿನ್ ಬಂದು ಮರಿಯನ್ನು ಮೂತಿಯಿಂದ ಒತ್ತುತ್ತ ಮೇಲಕ್ಕೆ ಒಯ್ದಿತು. ಮರಿ ನೀರಿನ ಮೇಲೆ ಬಂದು ಉಸಿರು ತೆಗೆದುಕೊಂಡಿತು.

“ಝಾಲಂ,” ಎಂದು ತಿಪ್ಪವ್ವ ಕುರ್ಚಿಯಲ್ಲಿ ಕೂತಳು. ಆಮೇಲೆ ಸೋನಾಲಿಯ ಕಡೆ ತಿರುಗಿದಳು.

“ನೀರಾಗ ಹೆರಾಕತ್ತದ, ಅದು ನನ್ನ ತಲ್ಯಾಗ ಬರಲಿಲ್ಲ ನೋಡು. ತಲಿ ಮುಂದ ಬಂದ್ರ, ಉಳದ ಮೈ ಬರೋದ್ರಾಗ ಕೂಸು ನೀರ ಕುಡದು ಸಾಯ್ತದ. ತಲಿ ಕಡೀಕೇ ಬರಬೇಕು, ಬಂದಕೂಡ್ಲೆ ಮ್ಯಾಲ ಒಯ್ಯಬೇಕು. ಪುಸ್ತಕದ್ದೇ ಖರೆ ಅದ, ನಂದು ತಪ್ಪಾತು ಅಂತ ಹೇಳು ಅಕ್ಕೋರಿಗೆ.”

ಅಜ್ಜಿಯ ಬಾಯಲ್ಲಿ ಈ ಮಾತು ಸೋನಾಲಿ ಕೇಳಿದ್ದು ಅದೇ ಮೊದಲು. ಅಳುಕುತ್ತಲೇ ಹೇಳಿದಳು. ಮಾಧುರಿಬಾಯಿ ಬೆರಗಾಗಿ ತಿಪ್ಪವ್ವನನ್ನೇ ನೋಡಿದರು. ಆ ಕಾರಣವನ್ನು ಅವರು ನಾಳೆ ಪ್ರದರ್ಶನದಲ್ಲಿ ಮಕ್ಕಳಿಗೆ ವಿವರಿಸಬೇಕೆಂದಿದ್ದರು.

ಗಂಟೆ ಹೊಡೆಯಿತು, ಹುಡುಗಿಯರು ಹೋದರು. ಮಾಧುರಿಬಾಯಿ ಕಂಪ್ಯೂಟರಿಗೆ ಹೊದಿಕೆ ಹಾಕುತ್ತ, ಈ ಕಡೆ ತಿರುಗದೆಯೇ ಮಾತಾಡಿದರು. ತಮ್ಮ ಮಗುವೂ ಹೀಗೇ ಇದೆ, ಕಾಲು ಕೆಳಗೆ. ಡಾಕ್ಟರು ಆಪರೇಷನ್ ಅನ್ನುತ್ತಿದ್ದಾರೆ. ಅತ್ತೆ ಒಪ್ಪುತ್ತಿಲ್ಲ. ಇಂದಾಪುರದಲ್ಲಿ ಅವರಿಗೆ ಗೊತ್ತಿರುವ ಸೂಲಗಿತ್ತಿ ಇದ್ದಾಳೆ, ಹೊಟ್ಟೆ ನೀವಿ ತಿರುಗಿಸುತ್ತಾಳಂತೆ, ಭಾನುವಾರ ಕರೆದೊಯ್ಯಲು ಬರುತ್ತಿದ್ದಾರೆ. ಅಜ್ಜಿ ಏನು ಹೇಳುತ್ತಾಳೆ?

ತಿಪ್ಪವ್ವ ಎದ್ದು, ಒಪ್ಪಿಗೆ ಕೇಳಿ, ಹೊಟ್ಟೆಯ ಮೇಲೆ ಕೈ ಇಟ್ಟಳು. ಮೂರು ವರ್ಷವಾಗಿತ್ತು ಆ ಕೈಯನ್ನು ಯಾರೂ ಕೇಳದೆ. ಇವತ್ತು ಕೇಳಿದವಳು ಓದಿ ಓದಿಸುವ ಅಕ್ಕೋರು. ತಿರುಗಿಸಬಹುದು ಎಂದು ಒಂದು ಮಾತು ಅಂದರೆ ಸಾಕು, ನರ್ಸಿನ ಬಾಯಿ ಮುಚ್ಚಿದಂತೆ, ಸಾಲಿನಲ್ಲಿ ತಲೆ ಎತ್ತಿ ನಡೆಯಬಹುದು. ಆ ಆಸೆ ಅವಳ ನಾಲಿಗೆಯ ತನಕ ಬಂತು. ಆದರೆ ಕೈಗೆ ಪಕ್ಕೆಲುಬಿನ ಕೆಳಗೆ ಕೂಸಿನ ತಲೆ ಸಿಕ್ಕಿತ್ತು.

“ದವಾಖಾನಿಗೆ ಹೋಗಂತ ಹೇಳು,” ಎಂದಳು. “ಕೊಯ್ದರ ಕೊಯ್ಲಿ. ಹಿಂಗ ಕಾಲ ಮುಂದ ಬಂದದ್ದು ನನ್ನ ಕೈಯಾಗ ಒಂಬತ್ತು. ಏಳು ಉಳದಾವ.”

“ಇನ್ನೆರಡು?” ಸೋನಾಲಿ ತನ್ನಷ್ಟಕ್ಕೇ ಕೇಳಿಬಿಟ್ಟಳು.

“ಒಂದು ನಮ್ಮೂರ ಗೌಡರ ಸೊಸೀದು. ಒಂದು ನಂದ.” ತಿಪ್ಪವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. “ಇದನ್ನೂ ಹೇಳು. ಮುಂಜಾನಿಂದ ಅರ್ಧಾ ನುಂಗಾಕತ್ತಿ, ನನಗೇನು ತಿಳಿಯಂಗಿಲ್ಲೇನು? ಇದ್ರಾಗ ಒಂದು ಅಕ್ಷರಾನೂ ನುಂಗಬ್ಯಾಡ.”

ಸೋನಾಲಿ ಒಂದಕ್ಷರವನ್ನೂ ನುಂಗಲಿಲ್ಲ.

ಶನಿವಾರ ಚಾರ್ಟು ಗೋಡೆ ಏರಿತು. ಮರಿಯ ಬಾಲ ಮುಂದಿತ್ತು. ತಿಪ್ಪವ್ವನ ಹಟದಿಂದ, ಮರಿಯನ್ನು ಮೇಲೆತ್ತುವ ಸೂಲಗಿತ್ತಿ ಡಾಲ್ಫಿನ್ ತಾಯಿಗಿಂತ ದುಪ್ಪಟ್ಟು ಬೆಳೆದಿತ್ತು. ಅಳತೆ ತಪ್ಪಿದೆ ಎಂದು ಮಾಧುರಿಬಾಯಿ ಎರಡು ಅಂಕ ಕಳೆದರು.

ಭಾನುವಾರ ಮಧ್ಯಾಹ್ನ ಅವರ ಅತ್ತೆ ರಾಧಾಬಾಯಿ ಸೊಸೆಯನ್ನು ಮುಂದಿಟ್ಟುಕೊಂಡು ತಗಡಿನ ಮನೆಗೇ ಬಂದಳು. ಇಂದಾಪುರದಿಂದ ಎಸ್.ಟಿ. ಬಸ್ಸಿನಲ್ಲಿ ನಿಂತೇ ಬಂದಿದ್ದರ ಸಿಟ್ಟೂ ಸೇರಿತ್ತು. ಕೂತವಳು ಚಹಾ ಮುಟ್ಟಲಿಲ್ಲ. ಅವಳ ಐದೂ ಮಕ್ಕಳು ಸೂಲಗಿತ್ತಿಯ ಕೈಯಲ್ಲೇ ಹುಟ್ಟಿದ್ದು, ಅವಳ ಅತ್ತೆಯ ಮಕ್ಕಳೂ ಹಾಗೇ. ಸೊಸೆಯ ಮನಸ್ಸು ಕೆಡಿಸಿದ್ದು ಯಾರೋ ಡಾಕ್ಟರಿಣಿ ಇರಬೇಕು ಎಂದುಕೊಂಡು ಊರಿಂದ ಬಂದರೆ, ಸೊಸೆ ತೋರಿಸಿದ್ದು ತನ್ನಂಥವಳೇ ಆದ ಮುದುಕಿಯನ್ನು.

“ನೀನು ಸೂಲಗಿತ್ತಿಯಂತೆ,” ಎಂದು ಮರಾಠಿಯಲ್ಲಿ ಕೇಳಿದಳು. “ಸೂಲಗಿತ್ತಿಯಾಗಿ ಇಂಥ ಮಾತು ಹೇಗೆ ಹೇಳುತ್ತೀ?”

ಸೋನಾಲಿ ಅದನ್ನು ಹಾಗೆಯೇ ದಾಟಿಸಿದಳು.

“ಸೂಲಗಿತ್ತಿ ಇದ್ದೀನಂತನ ಹೇಳಾಕತ್ತೀನಿ ತಂಗಿ,” ಎಂದಳು ತಿಪ್ಪವ್ವ. “ಅದಕ್ಕ ಕೈಗೆ ತಿಳಿದದ್ದು ಬಾಯಾಗ ಬಂತು.”

ರಾಧಾಬಾಯಿ ಬಾಗಿಲಾಚೆ ನೋಡಿದಳು. ಬಾಗಿಲ ಹೊರಗೆ ಸಕ್ಕುಬಾಯಿಯೂ ಸಾಲಿನ ಹೆಂಗಸರೂ ಕಿವಿಗೊಟ್ಟು ನಿಂತಿದ್ದರು. ಆಮೇಲೆ ರಾಧಾಬಾಯಿ ಚಹಾದ ಬಸಿಯನ್ನು ಹತ್ತಿರಕ್ಕೆ ಎಳೆದುಕೊಂಡು ಆರಿದ ಚಹಾ ಕುಡಿದಳು. ಕುಡಿದು, ಯಾವ ದವಾಖಾನೆ ಒಳ್ಳೆಯದು ಎಂದು ತಿಪ್ಪವ್ವನನ್ನೇ ಕೇಳಿದಳು.